ನಿಂತಲ್ಲೇ ಹಳತಾದ ಟೈರು

"ಎಷ್ಟು ಓಡಿದೆ ಅಂತ ನಾನು ಕೇಳಲಿಲ್ಲ. ಎಷ್ಟು ದಿನ ನಿಂತಿತ್ತು, ಅದನ್ನ ಹೇಳು."

ಟೈರ್ ಅಂಗಡಿಯ ಮುದುಕ ಶನಿವಾರ ಕೇಳಿದ್ದು. ಇವತ್ತು ಬುಧವಾರ. ಇನ್ನೂ ಕಿವಿಯಲ್ಲೇ ಇದೆ.

ನಮ್ಮ ಮೋಟರ್‌ಹೋಮ್, ಅಂದರೆ ಒಳಗೇ ಮನೆಯಿರುವ ಗಾಡಿ, 2003ರದ್ದು, ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ್ದು. ಮಾರಿದವನು ಕಾಫಿ ಕೊಟ್ಟು, ಮೀನು ಹಿಡಿದ ಕತೆಯನ್ನೆಲ್ಲ ಹೇಳಿದ್ದ. ಕೆಟ್ಟವನಲ್ಲ. ಆದರೆ ಟೈರಿಗೆ ಫಳಫಳ ಪಾಲಿಶ್ ಹೊಡೆದಿದ್ದ. ಬಟನ್, ಅಂದರೆ ನೆಲ ಕಚ್ಚುವ ಅಚ್ಚು, ಪೂರ್ತಿ ಇತ್ತು, ನಂಬಿಬಿಟ್ಟೆ. ಊರಿಂದ ಅಮೆರಿಕಕ್ಕೆ ಬಂದಿರುವ ಅಪ್ಪನೂ ಬೆರಳಾಡಿಸಿ, "ಹೊಸದೇ ಕಣೋ" ಅಂದಿದ್ದರು. ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವರು. ಇನ್ಯಾವ ಸರ್ಟಿಫಿಕೇಟ್ ಬೇಕು ಹೇಳಿ.

ಯೆಲ್ಲೋಸ್ಟೋನ್‌ಗೆ ಹೊರಡುವ ಮುಂಚೆ ಸುಮ್ನೆ ಗಾಳಿ ನೋಡಿಸಲು ಹೋಗಿದ್ದೆವು. ಮುದುಕ ಟೈರಿನ ಪಕ್ಕವನ್ನು ಬಟ್ಟೆಯಿಂದ ಉಜ್ಜಿದ. ಪಾಲಿಶ್ ಹೋಯಿತು, ಸಣ್ಣ ಸಣ್ಣ ಬಿರುಕು ಕಂಡವು, ಬೇಸಿಗೆಯ ಕೆರೆಯಂಗಳದ ಹಾಗೆ. ಆಮೇಲೆ ರಟ್ಟು ಹಾಸಿ, ಟಾರ್ಚ್ ಹಿಡಿದು ಗಾಡಿ ಕೆಳಗೆ ತೂರಿದ. ತಯಾರಾದ ದಿನದ ನಂಬರು ಸಾಮಾನ್ಯವಾಗಿ ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತದೆ. ನಮ್ಮದರಲ್ಲಿ ಅದು ಒಳಗಡೆ. ಕೊನೆಯ ನಾಲ್ಕು ಅಂಕಿ 2214. ಅಂದರೆ 2014ರ 22ನೇ ವಾರ.

"ನೀನು ಇಲ್ಲಿಗೆ ಬಂದ ವರ್ಷ" ಅಂದರು ಅಪ್ಪ.

"ಆದರೆ ಜಾಸ್ತಿ ಓಡಿಲ್ಲ" ಅಂದೆ ನಾನು, ಏನೋ ಹೆಚ್ಚುಗಾರಿಕೆ ಅನ್ನುವ ಹಾಗೆ. ಆಗಲೇ ಆ ಮಾತು ಬಂದಿದ್ದು.

ರಬ್ಬರಿನೊಳಗೆ ಮೇಣದಂಥ ರಕ್ಷಣೆ ಬೆರೆಸಿರುತ್ತಾರಂತೆ. ಚಕ್ರ ಉರುಳಿ ರಬ್ಬರು ಬಾಗಿದಾಗ ಅದು ಮೇಲೆ ಬಂದು, ರಬ್ಬರಿಗೆ ಬಿರುಕು ಬಿಡಿಸುವ ಗಾಳಿಯ ಓಝೋನ್ ತಡೆಯುತ್ತದೆ. ನಿಂತ ಗಾಡಿಯಲ್ಲಿ ಸರಿಯಾಗಿ ಬರುವುದಿಲ್ಲ. ಬಟನ್ ಎಷ್ಟೇ ಇರಲಿ, ಹತ್ತು ವರ್ಷವಾದರೆ ತೆಗೆಯಿರಿ ಅಂತ ಎಷ್ಟೋ ಟೈರ್ ಕಂಪನಿಗಳೇ ಹೇಳುತ್ತವೆ. ಮೋಟರ್‌ಹೋಮ್ ಇಟ್ಟುಕೊಂಡ ಎಷ್ಟೋ ಜನ ಆರೇಳು ವರ್ಷಕ್ಕೇ ಬದಲಾಯಿಸುತ್ತಾರೆ.

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ಅವರ ಡಿಪೋದಲ್ಲಿ ಟೈರು ಸವೆಯುತ್ತಿತ್ತು, ಹೊಸ ಬಟನ್ ಹತ್ತಿಸಿಕೊಂಡು ರೀಟ್ರೆಡ್ ಆಗುತ್ತಿತ್ತು, ಮತ್ತೆ ಸವೆಯುತ್ತಿತ್ತು. ಮುಪ್ಪಿನಿಂದ ಬಿರುಕು ಬಿಡುವಷ್ಟು ಪುರುಸೊತ್ತು ಯಾವ ಟೈರಿಗಿತ್ತು? ದುಡಿದು ಸತ್ತ ಟೈರು ಅವರಿಗೆ ಗೊತ್ತು. ಕೂತು ಸತ್ತದ್ದನ್ನು ಕಂಡದ್ದು ಇದೇ ಮೊದಲು. ಮನೆಗೆ ಬಂದು ಗ್ಯಾರೇಜ್ ನೋಡಿದೆ. ಎರಡು ಸೈಕಲ್, ಒಂದು ಟ್ರೆಡ್‌ಮಿಲ್, ಅಪ್ಪ ಹೊತ್ತು ತಂದಿದ್ದ ಹಾರ್ಮೋನಿಯಂ. ಒಂದೂ ಸವೆದಿಲ್ಲ.

ಹೊಸ ಟೈರಿಗೆ ಅಂತ ನಾನು ಮೊದಲು ಫೋನ್ ಮಾಡಿದ ಇನ್ನೊಂದು ಅಂಗಡಿಯವನು ಟ್ರೈಲರ್ ಟೈರು ಹಾಕಿಕೊಡುತ್ತೇನೆ, ಅಗ್ಗ ಅಂದ. ಎಸ್‌ಟಿ ಅಂತ ಬರೆದಿರುವ ಅವು ಎಳೆಸಿಕೊಳ್ಳುವ ಗಾಡಿಗೆ ಮಾತ್ರ. ಅಂಥವನಿಗೆ ಅಂಗಡಿ ಯಾಕೆ? ಕೊನೆಗೆ ಮುದುಕನ ಹತ್ತಿರವೇ ಲಘು ಟ್ರಕ್ಕಿನ ಟೈರು, ಎಲ್‌ಟಿ 225/75ಆರ್16, ಲೋಡ್ ರೇಂಜ್ ಇ ಹಾಕಿಸಿದೆವು. 80 ಪಿಎಸ್‌ಐ ಗಾಳಿಯಲ್ಲಿ ಒಂಟಿ ಟೈರು 2,680 ಪೌಂಡ್ ಹೊರುತ್ತದೆ. ಹಿಂದೆ ಜೋಡಿಯಾಗಿ ಹಾಕಿದರೆ ಒಂದೊಂದು 2,470 ಮಾತ್ರ. ಜೊತೆಗಾರ ಸಿಕ್ಕರೆ ಶಕ್ತಿ ಕಮ್ಮಿ! ಲಾರಿ ತೂಗುವ ಕಡೆ ಸಾಮಾನು ಸಮೇತ ತೂಗಿಸಿ, ಆಮೇಲೆ ಗಾಳಿ ಎಷ್ಟು ಅಂತ ನಿರ್ಧಾರ ಮಾಡು ಅಂದ. ಜೋಡಿಯ ಒಳ ಚಕ್ರಕ್ಕೂ ಗಾಳಿ ತುಂಬುವ ಲೋಹದ ವಾಲ್ವ್ ಹಾಕಿದ.

ಬಿಲ್ಲಿನಲ್ಲಿ ಹಳೆ ಟೈರು ವಿಲೇವಾರಿಗೆ ಅಂತ ಬೇರೆ ದುಡ್ಡು ಇತ್ತು. ಅಪ್ಪನಿಗೆ ತಡೆಯಲಾಗಲಿಲ್ಲ.

"ಟೈರೂ ಕೊಟ್ಟು ದುಡ್ಡೂ ಕೊಡಬೇಕೇನೋ? ನಮ್ಮಲ್ಲಾದರೆ ಗುಜರಿಯವನು ನಮಗೇ ಕೊಡ್ತಿದ್ದ!"

"ಏನಂದರು?" ಅಂತ ಮುದುಕ ಕೇಳಿದ. ಥ್ಯಾಂಕ್ಸ್ ಹೇಳ್ತಿದ್ದಾರೆ ಅಂದೆ.