ಹಳೇಬೀಡಿನ ಗರುಡಗಂಬ: ಅರಸನ ಜೊತೆ ಸತ್ತವರು

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರದ ಗೋಡೆ ನೋಡುತ್ತಾರೆ. ಆನೆಯ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ, ಭಾರತ. ಗೈಡುಗಳೂ ಅಲ್ಲೇ ನಿಲ್ಲಿಸಿ ಕತೆ ಹೇಳುತ್ತಾರೆ. ದಕ್ಷಿಣದ ಕಡೆ ಅಂಗಳದಲ್ಲಿ ನಿಂತಿರುವ ಗರುಡಗಂಬದ ಹತ್ತಿರ ಹೋಗುವವರು ಕಡಿಮೆ. ನನ್ನ ಕಣ್ಣಿಗೆ ಮಾತ್ರ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಕಲ್ಲಿಲ್ಲ. ಬೇಲೂರು, ದೋರಸಮುದ್ರದ ಕೆರೆ, ಕೇದಾರೇಶ್ವರ ಎಲ್ಲ ಚೆಂದವೇ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಕಂಬದ ಮೈಮೇಲೆ ಸುತ್ತಲೂ ಚಿಕ್ಕ ಚಿಕ್ಕ ಆಳುಗಳು. ಕೈಯಲ್ಲಿ ಕತ್ತಿ. ಎದುರಿಗೆ ಶತ್ರು ಯಾರೂ ಇಲ್ಲ. ಒಬ್ಬ ಮಂಡಿಯೂರಿ ಕತ್ತಿಯನ್ನು ತನ್ನ ಕುತ್ತಿಗೆಗೇ ಹಿಡಿದಿದ್ದಾನೆ. ಗೋಡೆಯ ಮೇಲಿನ ಶಿಲ್ಪದಲ್ಲಿ ಒಡವೆ, ಕಿರೀಟ, ನಾಟ್ಯ ಎಲ್ಲ ತುಂಬಿ ತುಳುಕುತ್ತದೆ. ಇಲ್ಲಿ ಅಂಥ ಅಲಂಕಾರ ಕಡಿಮೆ. ಬರೀ ಮೈ, ಕತ್ತಿ, ಕೆಲಸ.

ಇದು ಕುವರಲಕ್ಷ್ಮನ ಕಂಬ. ಇವನು ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ದಂಡನಾಯಕ, ಅಂಗರಕ್ಷಕ. ಬಲ್ಲಾಳ 1173ರಿಂದ 1220ರವರೆಗೆ ಆಳಿದ. ಅರಸ ಸತ್ತಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಯ ವೀರರು ಪ್ರಾಣ ಬಿಟ್ಟರು. ಶಾಸನ ಹಳಗನ್ನಡದಲ್ಲಿದೆ. ಅರಸ ಇವನನ್ನು ಮಗನಂತೆ ಸಾಕಿದ, ಆಳಿಗೂ ಆಳ್ದನಿಗೂ (ಒಡೆಯನಿಗೂ) ಭೇದವೇ ಇರಲಿಲ್ಲ ಎನ್ನುತ್ತದೆ.

ಇಂಥವರಿಗೆ ಗರುಡರು ಎಂದು ಹೆಸರು. ವಿಷ್ಣುವಿಗೆ ಗರುಡ ಹೇಗೋ ಅರಸನಿಗೆ ಇವರು ಹಾಗೆ, ಬೇರೆ ಒಡೆಯನಿಲ್ಲ. ಕಂಬ ನಿಂತಿರುವುದು ಶಿವನ ಗುಡಿಯ ಅಂಗಳದಲ್ಲಿ ಎಂಬುದನ್ನು ಗಮನಿಸಬೇಕು. ಇಲ್ಲಿ ವಿಷ್ಣುವಿನ ಸ್ಥಾನದಲ್ಲಿರುವವನು ಅರಸ. ಯುದ್ಧದಲ್ಲಿ ಅರಸನಿಗಾಗಿ ಸಾಯುವುದು ಎಲ್ಲ ಸೈನಿಕರ ಪಾಲಿಗೂ ಬರುವಂಥದ್ದು. ಗರುಡ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅರಸ ಹಾಸಿಗೆಯ ಮೇಲೆ ಸತ್ತರೂ ಇವನು ಬದುಕುವಂತಿಲ್ಲ. ವೇಳೆ ಬಂದಾಗ ಪ್ರಾಣ ಕೊಡುತ್ತೇನೆಂದು ಮೊದಲೇ ಭಾಷೆ ಕೊಟ್ಟಿರುತ್ತಾನೆ. ಅದೇ ವೇಳೆವಾಳಿ. ಆ ಭಾಷೆಯ ಗುರುತಾಗಿ ಕಾಲಿಗೆ ತೊಡರು ಎಂಬ ಕಡಗ.

ಕಂಬದ ಬಳಿ ನಿಂತಿದ್ದಾಗ ಅರಸೀಕೆರೆ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು.

‘ಅಲ್ಲ ಕಣಪ್ಪ, ಇವ್ನ್ಯಾಕೆ ತನ್ನ ಕತ್ತು ತಾನೇ ಕುಯ್ಕತಾವ್ನೆ? ಲಡಾಯಿನಾಗೆ ಸೋತಿದ್ನಾ?’

‘ಸೋತಿರ್ಲಿಲ್ಲ ಅಜ್ಜಿ. ರಾಜ ತೀರ್ಕೊಂಡ. ಅವನ ಜೊತೆಗೇ ಸಾಯ್ತೀನಿ ಅಂತ ಭಾಷೆ ಕೊಟ್ಟಿದ್ದ.’

‘ರಾಜ ವಯಸ್ಸಿನ ಹುಡುಗನಾ?’

‘ಇಲ್ಲ, ನಲವತ್ತೇಳು ವರ್ಷ ಆಳಿದ್ದ.’

‘ತುಂಬಿದ ವಯಸ್ಸು ಬಿಡು. ಅದ್ಕೆ ಇವ್ನು ಯಾಕೆ ಸಾಯ್ಬೇಕು?’

‘ರಾಜ ಮಗನ ಥರ ಸಾಕಿದ್ದ. ಆ ಅನ್ನದ ಋಣ.’

ಅಜ್ಜಿ ಇದನ್ನು ಒಪ್ಪಿದರು. ಅನ್ನದ ಋಣ ಅವರಿಗೆ ಹೊಸದಲ್ಲ. ಕಂಬವನ್ನು ಒಂದು ಸುತ್ತು ಬಂದು ಮತ್ತೆ ಕೇಳಿದರು.

‘ಎಂಡ್ರು?’

‘ಅವಳೂ ಸತ್ತಳು.’

‘ಅವ್ಳೇನು ರಾಜನ ಅನ್ನ ತಿಂದಿದ್ಲಾ? ಆ ಎಣ್ಮಗೀನ ಯಾರಾದ್ರೂ ಒಂದು ಮಾತು ಕೇಳಿದ್ರಾ?’

ಶಾಸನ ಸುಗ್ಗಲದೇವಿಯನ್ನು ಗಂಡನಿಗೆ ಸರಿಸಮನಾಗಿ ಹೊಗಳುತ್ತದೆ. ಇಬ್ಬರೂ ಕಂಬವೇರಿ ಲಕ್ಷ್ಮಿಯನ್ನೂ ಗರುಡನನ್ನೂ ಸೇರಿದರು ಎನ್ನುತ್ತದೆ. ಅವಳ ಮಾತು ಒಂದಕ್ಷರವೂ ಅಲ್ಲಿಲ್ಲ. ಬರೆದ ಕವಿ ಬದುಕಿ ಉಳಿದವನು, ಅರಮನೆಯ ಕಡೆಯವನು. ಗರುಡರ ಬಗ್ಗೆ ಓದುವಾಗ ಆ ಅಜ್ಜಿಯ ಪ್ರಶ್ನೆಯನ್ನು ಬಿಟ್ಟು ಓದಬಾರದು.

ಮಧ್ಯಕಾಲದ ಕನ್ನಡಿಗರೆಲ್ಲ ಅರಸನನ್ನು ಹೀಗೇ ಕಂಡರು ಎಂದುಕೊಂಡರೆ ತಪ್ಪು. ಗರುಡ ಅರಮನೆಯ ಅನ್ನದಲ್ಲಿ ಬೆಳೆದವನು. ಊರ ಬಾಗಿಲಿನ ವೀರಗಲ್ಲುಗಳನ್ನು ಓದಿ ನೋಡಿ. ಮೊದಲ ಸಾಲಿನಲ್ಲಿ ಇಂಥ ಅರಸ ರಾಜ್ಯವಾಳುತ್ತಿರಲು ಎಂದು ಇರುತ್ತದೆ. ಅಲ್ಲಿಗೆ ಅರಸನ ಪಾತ್ರ ಬಹುಪಾಲು ಮುಗಿಯಿತು. ಉಳಿದಿದ್ದೆಲ್ಲ ಊರಿನದು. ಯಾರೋ ಊರ ತುರು, ಅಂದರೆ ದನ, ಹಿಡಿದರು, ಇವನು ಬೆನ್ನಟ್ಟಿ ತುರು ಬಿಡಿಸಿ ಸತ್ತ. ಆ ರೈತನಿಗೆ ಅರಸ ಕಾಲ ಎಣಿಸುವ ಹೆಸರು, ತೆರಿಗೆ ಕೇಳುವ ದೂರದ ಕೈ. ಪ್ರಾಣ ಕೊಟ್ಟದ್ದು ದನಕ್ಕೆ, ಊರಿಗೆ.

ಈಗ ಕಂಬ ನೋಡುವ ಬಗೆ. ಬೇಲೂರು ಮುಗಿಸಿ ಹಳೇಬೀಡಿಗೆ ಕರೆತರುವ ಪ್ಯಾಕೇಜ್ ಬಸ್ಸುಗಳನ್ನು ನಂಬಬೇಡಿ. ಎರಡೂ ಊರಿನ ನಡುವೆ ಇರುವುದು 16 ಕಿ.ಮೀ. ಮಾತ್ರ. ಆದರೂ ನಡು ಮಧ್ಯಾಹ್ನಕ್ಕೆ ತಂದು ಇಳಿಸಿ, ಮುಕ್ಕಾಲು ಗಂಟೆಯಲ್ಲಿ ಹಾರ್ನ್ ಹೊಡೆಯುತ್ತಾರೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ಅಕ್ಷರದ ಗೆರೆಗೆ ನೆರಳೇ ಬೀಳದೆ ಕಲ್ಲು ಸಪಾಟಾಗಿ ಕಾಣುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕೂವರೆಯ ನಂತರ ಹೋಗಿ. ಬೇರೆ ಹೊತ್ತಾದರೆ ಒಬ್ಬರು ಕೊಡೆ ಹಿಡಿದು ಕಂಬಕ್ಕೆ ನೆರಳು ಮಾಡಲಿ, ಇನ್ನೊಬ್ಬರು ಮೊಬೈಲ್ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಅಂಟಿದಂತೆ ಪಕ್ಕದಿಂದ ಬಿಡಲಿ. ಎದುರಿನಿಂದ ಬಿಟ್ಟರೆ ಪ್ರಯೋಜನವಿಲ್ಲ. ಅಕ್ಷರ ಎದ್ದು ಕಾಣಲಿ ಎಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಇದು ಬಳಪದ ಕಲ್ಲು, ಸುಲಭವಾಗಿ ಗೀರು ಬೀಳುತ್ತದೆ. ಚಪ್ಪಲಿ ಬಿಡಬೇಕಾಗುತ್ತದೆ. ಬಿಸಿಲಿಗೆ ಜಗತಿಯ (ಗುಡಿಯ ಕಟ್ಟೆಯ) ಕಲ್ಲು ಕಾದಿರುತ್ತದೆ, ದಪ್ಪ ಕಾಲುಚೀಲ ಇರಲಿ.

ಸಮಯವಿದ್ದರೆ ಅಲ್ಲಿಂದ ಸ್ವಲ್ಪವೇ ದೂರದ ಬಸದಿಹಳ್ಳಿಗೆ ನಡೆಯಿರಿ. ಹೊಯ್ಸಳ ಅರಸ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಪ್ರತಿಷ್ಠೆಯ ಪ್ರಸಾದ ಕೈಗೆ ಬಂದಾಗಲೇ ವಿಷ್ಣುವರ್ಧನನಿಗೆ ಯುದ್ಧ ಗೆದ್ದ ಸುದ್ದಿ, ಮಗ ಹುಟ್ಟಿದ ಸುದ್ದಿ ಎರಡೂ ಕೂಡಿ ಬಂದವಂತೆ. ಅದಕ್ಕೆ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ.

ಗರುಡರ ಬೆನ್ನು ಹತ್ತುವವರು ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೂ ಹೋಗಬೇಕು. ಅಲ್ಲಿನ ಕಂಬಗಳ ತುದಿಯಲ್ಲಿ ಆನೆ, ಆನೆಯ ಮೇಲೆ ಗರುಡ. ಒಂದೇ ಮನೆತನ ತಲೆತಲಾಂತರ ಹೊಯ್ಸಳ ಅರಸರ ಜೊತೆ ಸತ್ತ ಲೆಕ್ಕ ಆ ಕಲ್ಲುಗಳಲ್ಲಿದೆ.

ಹಿಂತಿರುಗುವಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರು ಕಲ್ಲನ್ನು ನೋಡಿ, ಶಕ 872ರದ್ದು (ಕ್ರಿ.ಶ. 949-50). ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನ ವಿರುದ್ಧ ಕಾದಿದ ಮಣಲೆರ ಎಂಬ ವೀರನಿಗೆ ಬೇಕಾದ್ದು ಕೇಳು ಎಂದಿತು ಅರಮನೆ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿ. ಕಾಳಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಅದರೊಂದಿಗೇ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಾರಿ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಬರೆಸಿದರು.