ಆ ಎರಡು ಇಂಚು ಪ್ಲೇ ಎಲ್ಲಿ ಹೋಯಿತು?

ನಮ್ಮ ಗ್ಯಾರೇಜಿನಲ್ಲಿ ಮೊದಲು ಒಂದು ಗುಂಡಿ ಇತ್ತು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಕೆಳಗಿಳಿದು ತಲೆ ಎತ್ತಿದರೆ ಎಲ್ಲ ಕಾಣುತ್ತಿತ್ತು. ಜಿಡ್ಡು ಇರುತ್ತಿತ್ತು, ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು, ಒಂದು ಸಲ ಕೇರೆಹಾವೂ ಸಿಕ್ಕಿತ್ತು. ಆದರೂ ಗುಂಡಿಗೆ ಗುಂಡಿಯೇ ಸಾಟಿ. ಮೂರು ವರ್ಷದ ಹಿಂದೆ ಓನರ್‌ಗೆ ಗ್ಯಾರೇಜು ಶೋರೂಮಿನ ಥರ ಕಾಣಬೇಕು ಅನ್ನಿಸಿತು. ಎರಡು ಕಂಬದ ನಡುವೆ ಗಾಡಿಯನ್ನೇ ಮೇಲೆತ್ತುವ ಟೂ ಪೋಸ್ಟ್ ಲಿಫ್ಟ್ ಬಂತು. ಗುಂಡಿಗೆ ಮಣ್ಣು ತುಂಬಿ, ಕಾಂಕ್ರೀಟ್ ಹಾಕಿ, ಟೈಲ್ಸ್ ಹಾಕಿಸಿ, ಅದರ ಮೇಲೆ ಕಸ್ಟಮರ್ ಕೂರೋಕೆ ಒಂದು ಸೋಫಾ ಇಟ್ಟರು.

ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದೆ ನಾನು ಮಾಡಿದ ತಪ್ಪಿನಲ್ಲಿ ಸ್ವಲ್ಪ ಪಾಲು ಆ ಸೋಫಾಗೂ ಇರಲಿ ಅಂತ. ಉಳಿದದ್ದೆಲ್ಲ ನನ್ನದೇ.

ಹೋದ ಕಬ್ಬಿನ ಸೀಸನ್ನಿನಲ್ಲಿ ನಡೆದದ್ದು. ಆಲೆಮನೆಯಿಂದ ಮಂಡ್ಯದ ಎಪಿಎಂಸಿಗೆ ಬೆಲ್ಲ ಹೊಡೆಯುವ ಗೌಡರೊಬ್ಬರು ತಮ್ಮ ಪಿಕಪ್ ತಂದರು. 15 ವರ್ಷ ದಾಟಿದ ಗಾಡಿ. ಕಂಪನಿ ಹೆಸರು ಬೇಡ, ಗಾಡಿಯ ತಪ್ಪು ಏನೂ ಇರಲಿಲ್ಲ. ಮುಂದೆ ಎರಡೂ ಚಕ್ರಕ್ಕೆ ಒಂದೇ ಅಚ್ಚಿನ ರಿಜಿಡ್ ಆಕ್ಸಲ್, ಪಟ್ಟಿ ಸ್ಪ್ರಿಂಗಿನ ಬ್ಲೇಡ್ ಸೆಟ್, ಪವರ್ ಇಲ್ಲದ ಮ್ಯಾನುಯಲ್ ಸ್ಟೀರಿಂಗ್. ಹಿಂದೆ ಬಾಡಿಯಲ್ಲಿ ಅಚ್ಚು ಬೆಲ್ಲದ ಪುಡಿ, ಅದಕ್ಕೊಂದು ಹಿಂಡು ನೊಣ.

"ಮೇಸ್ತ್ರಿ, ಸ್ಟೇರಿಂಗು ನನ್ ಮಾತು ಕೇಳಾಕಿಲ್ಲ ಕಣಪ್ಪ. ಹೈವೇಲಿ ಅರವತ್ತು ದಾಟುದ್ರೆ ಅದ್ರ ಪಾಡಿಗೆ ಅದು ಹೋಯ್ತದೆ. ಆಲೆಮನೆ ಮುಂದೆ ನಿಂತಿದ್ ಜಾಗದಲ್ಲೇ ತಿರುಗ್ಸುದ್ರೆ ಕೆಳಗಡೆ ಲಟಕ್ ಅಂತದೆ" ಅಂದರು.

ಕೊನೆಯ ಆ ಒಂದು ಮಾತಿನಲ್ಲೇ ರೋಗ ಏನು ಅಂತ ಇತ್ತು. ಆದರೆ ಕಸ್ಟಮರ್ ದೂರು ಬರೆದುಕೊಳ್ಳುವ ನಮ್ಮ ಅಡ್ವೈಸರ್ ಟ್ಯಾಬ್‌ನಲ್ಲಿ ಜಾಬ್ ಕಾರ್ಡ್ ತೆರೆದರೆ ಸ್ಟೀರಿಂಗ್ ಅಂತ ಇರುವ ಕಡೆ ಬರುವುದು ನಾಲ್ಕೇ ಆಯ್ಕೆ. ಪ್ಲೇ (ಸ್ಟೀರಿಂಗ್ ತಿರುಗಿಸಿದರೂ ಚಕ್ರ ಮಿಸುಕದ ಸಡಿಲ), ಹಾರ್ಡ್, ಪುಲ್ಲಿಂಗ್, ವಾಬ್ಲಿಂಗ್. ಲಟಕ್ ಅನ್ನುವುದಕ್ಕೆ ಜಾಗವೇ ಇಲ್ಲ. ಅವನು ಪ್ಲೇ ಅಂತ ಒತ್ತಿದ, ಡೆಲಿವರಿ ಸಂಜೆ ಆರಕ್ಕೆ ಅಂತಲೂ ಒತ್ತಿದ. ನನ್ನ ಕೈಗೆ ಬಂದ ಕಾರ್ಡಿನಲ್ಲಿ ಇದ್ದದ್ದು ಅಷ್ಟೇ. ಗೌಡರು ಹೇಳುವಾಗ ನಾನೂ ಅಲ್ಲೇ ನಿಂತಿದ್ದೆ, ಕಿವಿಯೂ ಇತ್ತು. ಅದು ಬೇರೆ ಮಾತು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಮೇಲೆ ನಮಗೆ ಇಂಥ ಕೇಸು ಜಾಸ್ತಿ. ಹಳೇ ರಸ್ತೆಯಲ್ಲಿ ಊರು ಬಂತು, ಹಂಪ್ ಬಂತು ಅಂತ 40–50ರಲ್ಲಿ ಹೋಗುತ್ತಿದ್ದ ಗಾಡಿಗಳು ಈಗ 80ರಲ್ಲಿ ಓಡುತ್ತವೆ. ಹತ್ತು ವರ್ಷದಿಂದ ಇದ್ದ ಪ್ಲೇ ಆಗ ಗೊತ್ತಾಗುತ್ತದೆ. ಹಾಗಾಗಿ ಇದೂ ಅಂಥದ್ದೇ ಒಂದು ಅಂದುಕೊಂಡೆ. 22 ವರ್ಷದ ಸರ್ವೀಸು ಇದ್ದರೆ ಇದೊಂದು ಕಷ್ಟ. ಗಾಡಿ ಗೇಟಿನ ಒಳಗೆ ಬರುವ ಮೊದಲೇ ರೋಗ ಗೊತ್ತಾಗಿಬಿಟ್ಟಿರುತ್ತದೆ.

ನೆಲದ ಮೇಲಿದ್ದಾಗ ಸ್ಟೀರಿಂಗ್ ಹಿಡಿದು ಅಲ್ಲಾಡಿಸಿದೆ. ಚಕ್ರ ಮಿಸುಕುವ ಮೊದಲು ರಿಮ್ಮಿನ ಹತ್ತಿರ ನಾಲ್ಕು ಇಂಚು ಪ್ಲೇ. ಇಂಥ ಗಾಡಿಯಲ್ಲಿ ಒಂದು ಇಂಚು ಇದ್ದರೆ ನಾವು ಸುಮ್ಮನಿರುತ್ತೇವೆ. ಚಕ್ರ ನೆಲ ಬಿಡುವಷ್ಟು ಲಿಫ್ಟ್ ಏರಿಸಿ ಮತ್ತೆ ಅಲ್ಲಾಡಿಸಿದೆ. ಈಗ ಎರಡೇ ಇಂಚು.

ಉಳಿದ ಎರಡು ಇಂಚು ಎಲ್ಲಿ ಹೋಯಿತು ಅಂತ ನಾನು ಕೇಳಿಕೊಳ್ಳಲಿಲ್ಲ. ಈಗ ಬರೆಯುವಾಗಲೂ ಇಲ್ಲಿಗೆ ಬಂದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅಂಗಡಿಯವನು ಎರಡು ರೂಪಾಯಿ ಕಡಿಮೆ ಚಿಲ್ಲರೆ ಕೊಟ್ಟರೆ ನಿಂತು ಎಣಿಸಿ ಕೇಳುತ್ತೇನೆ.

ಮಾಮೂಲು ಚೆಕಿಂಗ್ ಮಾಡಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಸ್ವಲ್ಪ ಆಟ ಇತ್ತು. ಹುಡುಗನಿಗೆ ಬ್ರೇಕ್ ಒತ್ತಲು ಹೇಳಿದೆ, ಆಟ ಹೋಯಿತು. ಅಂದರೆ ಚಕ್ರದ ನಡುವಿನ ಹಬ್ ಬೇರಿಂಗು, ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್ ಪಿನ್ ಅಲ್ಲ. ಬೇರಿಂಗ್ ಟೈಟ್ ಮಾಡಿದೆ. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ಎಂಡ್ ಎರಡೂ ಹೋಗಿದ್ದವು, ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್‌ನ ಒಂದು ಎಂಡ್ ಕೂಡ. ಹೊಸದು ಹಾಕಿದೆವು. ನಟ್ಟು ಬಿಚ್ಚದ ಹಾಗೆ ತಡೆಯುವ ಕಾಟರ್ ಪಿನ್ನಿಗೆ ತೂತು ಕೂರದಿದ್ದರೆ ನಟ್ಟು ಮುಂದಕ್ಕೇ ತಿರುಗಿಸು, ಹಿಂದಕ್ಕೆ ಸಡಿಲ ಮಾಡಬೇಡ ಅಂತ ಹುಡುಗನಿಗೆ ದೊಡ್ಡ ಪಾಠವನ್ನೂ ಮಾಡಿದೆ.

ಆ ಹುಡುಗ ಐಟಿಐ ಮುಗಿಸಿ ಬಂದು ಆಗ ಎಂಟು ತಿಂಗಳು. ಟಾರ್ಚ್ ಹಿಡಿದುಕೊಂಡು ಸ್ಟೀರಿಂಗ್ ಬಾಕ್ಸಿನ ಹತ್ತಿರ ನಿಂತಿದ್ದವನು, "ಅಣ್ಣಾ, ಈ ಬೋಲ್ಟ್ ಸುತ್ತ ಕುಂಕುಮದ ಥರ ಪುಡಿ ಬತ್ತಾ ಅದೆ" ಅಂದ.

"ಹಳೇ ಗಾಡಿ ಕಣೋ. ತುಕ್ಕು ಇರದೆ ಇನ್ನೇನು ಅರಿಶಿನ ಇರುತ್ತಾ?" ಅಂದೆ. ನನ್ನ ಜೋಕಿಗೆ ನಾನೇ ನಕ್ಕೆ. ಅವನು ನಗಲಿಲ್ಲ, ಟಾರ್ಚ್ ಆರಿಸಿದ.

ತುಕ್ಕಿನಲ್ಲೂ ಎರಡು ಜಾತಿ ಇದೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಸುಮ್ಮನೆ ಹಳತಾದ ತುಕ್ಕು ಕಪ್ಪಗೆ, ಸಿಪ್ಪೆ ಸಿಪ್ಪೆಯಾಗಿ ಅಂಟಿಕೊಂಡಿರುತ್ತದೆ. ಎರಡು ಲೋಹ ಒಂದಕ್ಕೊಂದು ಉಜ್ಜುತ್ತಿದ್ದರೆ ನುಣ್ಣನೆಯ ಕೆಂಪು ಪುಡಿ ಬರುತ್ತದೆ, ಬೆರಳಿಗೆ ಹತ್ತುತ್ತದೆ. ಕುಂಕುಮ ಅಂತ ಅವನು ಸರಿಯಾಗೇ ಹೇಳಿದ್ದ.

ಐದೂವರೆ ಆಯಿತು. ಅಡ್ವೈಸರ್ ಎರಡು ಸಲ ಬಂದು ಹೋದ. ಸೋಫಾದ ಮೇಲೆ ಗೌಡರು ಮೂರನೇ ಟೀ ಕುಡಿಯುತ್ತಿದ್ದರು. ಸ್ಟೀರಿಂಗ್ ಅಲ್ಲಾಡಿಸಿದರೆ ಇನ್ನೂ ಒಂದು ಇಂಚಿನ ಮೇಲೆ ಪ್ಲೇ. ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಬಾಕ್ಸಿನ ಮೇಲಿನ, ಒಳಗಿನ ಹಲ್ಲುಗಳ ಬಿಗಿ ಹೊಂದಿಸುವ ಅಡ್ಜಸ್ಟಿಂಗ್ ಸ್ಕ್ರೂನ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಅರ್ಧ ಸುತ್ತು ಟೈಟ್ ಮಾಡಿದೆ. ಸ್ಟೀರಿಂಗ್ ಸೆಂಟರ್‌ನಲ್ಲೂ ಇರಲಿಲ್ಲ, ಎಡಕ್ಕೆ ಒಂದು ಸುತ್ತು ತಿರುಗಿ ನಿಂತಿತ್ತು. ಬಾಕ್ಸಿನ ಹಲ್ಲುಗಳು ಸೆಂಟರ್‌ನಲ್ಲಿ ಬಿಗಿ, ಪಕ್ಕಕ್ಕೆ ಹೋದಂತೆ ಸಡಿಲ. ಅದನ್ನು ಮಾಡಿರುವುದೇ ಹಾಗೆ. ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಸಡಿಲವನ್ನು ತೆಗೆದರೆ ಸೆಂಟರ್‌ಗೆ ಬಂದಾಗ ಕಚ್ಚಿಕೊಳ್ಳುತ್ತದೆ. ನಾನೇ ಎಷ್ಟೋ ಹುಡುಗರಿಗೆ ಇದನ್ನು ಬೈದು ಹೇಳಿಕೊಟ್ಟಿದ್ದೇನೆ.

ಪ್ಲೇ ಮಾಯವಾಯಿತು. ಕಿಟಕಿಯಿಂದ ಕೈ ಹಾಕಿ ಅಲ್ಲಾಡಿಸಿದರೆ ಗಾಳಿಯಲ್ಲಿದ್ದ ಚಕ್ರ ತಕ್ಷಣ ತಿರುಗುತ್ತಿತ್ತು. ಗೌಡರನ್ನು ಕರೆದು ತೋರಿಸಿದೆ ಕೂಡ. "ಎಲಾ ಇವನ!" ಅಂದರು. ನನಗೆ ಖುಷಿಯಾಯಿತು.

ಟ್ರಯಲ್‌ಗೆ ನಾನು, ಹುಡುಗ ಹೊರಟೆವು. ಗ್ಯಾರೇಜಿನಿಂದ ಎರಡು ಕಿಲೋಮೀಟರ್ ದಾಟಿದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕವಲು. ಏರಿ ಮೇಲೆ ರಸ್ತೆ, ಟ್ರಾಫಿಕ್ ಕಡಿಮೆ ಅಂತ ನಾವು ಯಾವಾಗಲೂ ಅಲ್ಲೇ ಹೋಗುವುದು. ಗೇಟು ದಾಟುವಾಗಲೇ ಸ್ಟೀರಿಂಗ್ ಭಾರ ಅನ್ನಿಸಿತು. ಹೊಸ ಎಂಡ್ ಹಾಕಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಮನಸ್ಸು ಹೇಗೆ ಸಬೂಬು ಹುಡುಕುತ್ತೆ ನೋಡಿ.

ಏರಿಯ ಮೇಲೆ ಎಡಕ್ಕೆ ಒಂದು ತಿರುವು. ನಾಲೆಯೂ ಎಡಕ್ಕೇ. ಸ್ಪೀಡು 40 ಇದ್ದಿರಬಹುದು. ತಿರುಗಿಸಿದೆ, ತಿರುಗಿತು. ತಿರುವು ಮುಗಿಯುವಾಗ ಎಲ್ಲರೂ ಮಾಡುವ ಹಾಗೆ ಕೈ ಸಡಿಲ ಬಿಟ್ಟೆ. ಸ್ಟೀರಿಂಗ್ ತಾನಾಗಿ ವಾಪಸ್ ಬರಬೇಕು. ಬರಲಿಲ್ಲ. ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ನಿಂತುಬಿಟ್ಟಿತು. ಗಾಡಿ ನಾಲೆಯ ಕಡೆಗೆ ಹೋಗುತ್ತಲೇ ಇದೆ. ನೀರು ಬಿಟ್ಟಿದ್ದರು, ಸಂಜೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪು ಈಗಲೂ ಕಣ್ಣ ಮುಂದಿದೆ.

ಬಲಕ್ಕೆ ಎಳೆದೆ. ಸೆಂಟರ್ ಹತ್ತಿರ ಬಂದು ಕಚ್ಚಿಕೊಂಡಿತು. ಮೈಯೆಲ್ಲ ಸೇರಿಸಿ ಝಾಡಿಸಿದೆ. ಕೈಯಲ್ಲಿ ಸ್ಟೀರಿಂಗ್ ತಿರುಗಿತು, ಕೆಳಗೆ ಲಟಕ್ ಅಂತು, ಗಾಡಿ ಮಾತ್ರ ತಿರುಗಲಿಲ್ಲ. ಆ ಲಟಕ್ ಕೇಳಿದ ಕೂಡಲೇ ಗೌಡರ ಮಾತು ನೆನಪಾಯಿತು. ಅಂಥ ಹೊತ್ತಲ್ಲೂ ನೆನಪಾಯಿತು ಅನ್ನುವುದೇ ಆಶ್ಚರ್ಯ. ಆಮೇಲೆ ಒಮ್ಮೆಲೇ ಹಿಡಿತ ಸಿಕ್ಕಿ ಗಾಡಿ ಬಲಕ್ಕೆ ಹಾರಿತು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು, ಹಿಂದೆ ಎರಡು ಟ್ರೈಲರ್. ಬ್ರೇಕ್ ಮೇಲೆ ನಿಂತೆ. ನಮ್ಮ ಬಂಪರ್‌ಗೂ ಅವನ ದೊಡ್ಡ ಚಕ್ರಕ್ಕೂ ನಡುವೆ ಒಂದು ಕಬ್ಬಿನ ಜಲ್ಲೆಯಷ್ಟೂ ಜಾಗ ಇರಲಿಲ್ಲ.

ಟ್ರ್ಯಾಕ್ಟರಿನವನು ನಮ್ಮ ವಂಶವನ್ನೆಲ್ಲ ನೆನೆಸಿಕೊಂಡು ಬೈದ. ಒಂದು ಮಾತೂ ತಪ್ಪಿರಲಿಲ್ಲ. ಅವನು ಹೋದ ಮೇಲೆ ಇಳಿದು ರಸ್ತೆ ನೋಡಿದೆ. ಎಡಗಡೆ ಟೈರಿನ ಗುರುತು ಏರಿಯ ಅಂಚಿನಿಂದ ಎರಡು ಅಡಿ ದೂರದಲ್ಲಿ ಹಾದುಹೋಗಿತ್ತು. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ಇದೇ ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅವತ್ತು ರಾತ್ರಿಯೇ ಅಂಬರೀಶಣ್ಣನೂ ಹೋದರು. ಮಂಡ್ಯದವರಿಗೆ ಆ ದಿನ ಯಾವುದು ಅಂತ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ಅಲ್ಲಿ ನಿಂತವನಿಗೆ ಕಾಲು ನಡುಗುತ್ತಿತ್ತು. ಹುಡುಗ ಬಾಗಿಲು ತೆಗೆಯದೆ ಹಾಗೇ ಕೂತಿದ್ದ.

ಅರ್ಧ ಬಾಟಲಿ ನೀರು ಕುಡಿದು, ರಸ್ತೆಯ ಮೇಲೇ ಗಾಡಿ ಕೆಳಗೆ ತೂರಿದೆ. ಹುಡುಗನಿಗೆ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಆಡಿಸು ಅಂದೆ. ಚಕ್ರ ನೆಲದ ಮೇಲೆ, ಗಾಡಿ ಭಾರ ಪೂರ್ತಿ ಚಕ್ರದ ಮೇಲೆ. ಅವನು ಆಡಿಸಿದ. ಬಾಕ್ಸಿನಿಂದ ಹೊರಬರುವ ಡ್ರಾಪ್ ಆರ್ಮ್ ಅನ್ನುವ ತೋಳು ತಿರುಗುವ ಮೊದಲು ಇಡೀ ಸ್ಟೀರಿಂಗ್ ಬಾಕ್ಸೇ ನನ್ನ ಕಡೆಗೆ ಬಂತು, ವಾಪಸ್ ಹೋಯಿತು. ಬಾಕ್ಸಿನ ಹಿಂದೆ ಚಾಸಿ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟು, ಬಿರುಕು ಬಿಟ್ಟಿತ್ತು. ಕೆಳಗಿನ ಬೋಲ್ಟ್ ತೂತಿನಿಂದ ಚಾಸಿಯ ಮೂಲೆಯವರೆಗೆ ಗೆರೆ. ಅವನು ಒಂದೊಂದು ಸಲ ಎಳೆದಾಗಲೂ ಆ ಗೆರೆ ಮೀನಿನ ಕಿವಿರಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು. ಸುತ್ತ ಕುಂಕುಮ.

ಆ ಎರಡು ಇಂಚು ಅಲ್ಲಿತ್ತು. ಲಿಫ್ಟ್ ಮೇಲೆ ಚಕ್ರ ತೂಗಾಡುವಾಗ ಅದನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ಬಾಕ್ಸು ಅಲುಗುವುದಿಲ್ಲ, ಬಿರುಕೂ ತೆರೆಯುವುದಿಲ್ಲ. ನೆಲದ ಮೇಲೆ ಟೈರು ಜಗ್ಗಿದಾಗ ಮಾತ್ರ ಅದು ಬಾಯಿ ಬಿಡುವುದು. ಗುಂಡಿ ಇದ್ದಿದ್ದರೆ ಒಬ್ಬ ಮೇಲೆ ಕೂತು ಆಡಿಸುತ್ತಿದ್ದ, ನಾನು ಕೆಳಗೆ ನಿಂತು ಒಂದೊಂದೇ ಜಾಯಿಂಟಿಗೆ ಕೈ ಇಟ್ಟು ನೋಡುತ್ತಿದ್ದೆ. ಐದು ನಿಮಿಷದ ಕೆಲಸ. ಹಾಗಂತ ಹೇಳಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಅಂಗಳದಲ್ಲಿ ಒಂದು ಗೋಣಿಚೀಲ ಹಾಸಿ ಮಲಗಿದ್ದರೂ ಕಾಣುತ್ತಿತ್ತು.

ಗಾಡಿಯನ್ನು ಓಡಿಸಿಕೊಂಡು ಬರಲಿಲ್ಲ. ಎತ್ತಿಕೊಂಡು ಹೋಗುವ ಟೋಯಿಂಗ್ ಗಾಡಿ ಕರೆಸಿದೆ. ಅದರ ಬಾಡಿಗೆಯಲ್ಲಿ ಅರ್ಧ ನನ್ನ ಸಂಬಳದಿಂದ ಹಿಡಿದರು. ಸೋಫಾದ ಪಾಲು ಯಾರೂ ಹಿಡಿಯಲಿಲ್ಲ.

ಗೌಡರಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನ್ ಲಟಕ್ ಅಂತದೆ ಅಂದಿದ್ನಲ್ಲ ಮೇಸ್ತ್ರಿ" ಅಂದರು. ಬೈದಿದ್ದರೆ ವಾಸಿಯಿತ್ತು.

ರಿಪೇರಿಗೆ ಎರಡು ದಿನ ಹಿಡಿಯಿತು. ಬಾಕ್ಸ್ ಬಿಚ್ಚಿದಾಗ ಒಂದು ಬೋಲ್ಟಿನ ತಲೆಯ ಮೇಲೆ ಗಟ್ಟಿ ಬೋಲ್ಟಿಗೆ ಇರುವ 8.8 ಅನ್ನುವ ಗುರುತೇ ಇರಲಿಲ್ಲ. ಯಾರೋ ಹಿಂದೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟ್ ಹಾಕಿದ್ದರು. ಅದು ಸಡಿಲವಾಗಿ, ತೂತು ಮೊಟ್ಟೆಯಾಕಾರ ಆಗಿತ್ತು. ಮೇಲೆ ಗೌಡರ ಅಭ್ಯಾಸ, ನಿಂತಲ್ಲೇ ಸ್ಟೀರಿಂಗ್ ತಿರುಗಿಸುವುದು. ಒಂದೂವರೆ ಟನ್ ಹೊರುವ ಗಾಡಿಗೆ ಎರಡೂವರೆ ಟನ್ ಬೆಲ್ಲ ಹೇರುವುದನ್ನು ಬಿಡಿ, ಅದನ್ನು ಮಂಡ್ಯದಲ್ಲಿ ಯಾರೂ ತಪ್ಪು ಅಂತ ಎಣಿಸುವುದಿಲ್ಲ.

ವೆಲ್ಡರ್ ಭಾಯಿ ಬಂದು ಪೇಂಟ್ ಕೆರೆದು ಬಿರುಕಿನ ತುದಿ ಹುಡುಕಿದರು. ಕಣ್ಣಿಗೆ ಕಂಡದ್ದಕ್ಕಿಂತ ಅರ್ಧ ಇಂಚು ಮುಂದಕ್ಕೇ ಇತ್ತು. ತುದಿಗೆ ಡ್ರಿಲ್ ಹೊಡೆದರು, ಇಲ್ಲದಿದ್ದರೆ ವೆಲ್ಡಿಂಗ್ ಆದ ಮೇಲೂ ಬಿರುಕು ಮುಂದಕ್ಕೆ ಓಡುತ್ತದೆ. ಬ್ಯಾಟರಿ ವೈರ್ ತೆಗೆದು, ಗೆರೆಯನ್ನು ವಿ ಆಕಾರಕ್ಕೆ ಕೊರೆದು 7018 ವೆಲ್ಡಿಂಗ್ ರಾಡಿನಲ್ಲಿ ತುಂಬಿದರು. ಒಳಗಡೆಯಿಂದ ತುದಿ ಚೂಪು ಮಾಡಿದ ಪ್ಲೇಟ್ ಕೊಟ್ಟರು. ಪ್ಲೇಟನ್ನು ಚೌಕವಾಗಿ ಕತ್ತರಿಸಿ ಚಾಸಿಗೆ ಅಡ್ಡ ವೆಲ್ಡಿಂಗ್ ಹೊಡೆದರೆ ಆರು ತಿಂಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತೆ ಅಂತ ಅವರ ವಾದ. ನಾನೂ ನೋಡಿದ್ದೇನೆ. ಬೋಲ್ಟ್ ತೂತುಗಳಿಗೆ ಪೈಪಿನ ತುಂಡು ಬುಷ್ ಕೊಟ್ಟು, ನಾಲ್ಕೂ ಹೈ ಟೆನ್ಸೈಲ್ ಬೋಲ್ಟ್ ಹಾಕಿದೆವು.

ಆಮೇಲೆ ಬಾಕ್ಸು. ಡ್ರ್ಯಾಗ್ ಲಿಂಕ್ ಬಿಚ್ಚಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ, ಲಾಕ್‌ನಿಂದ ಲಾಕ್‌ಗೆ ಸುತ್ತು ಎಣಿಸಿ, ಅರ್ಧಕ್ಕೆ ತಂದು ಸೆಂಟರ್ ಮಾಡಿದೆ. ಸ್ಕ್ರೂ ಪೂರ್ತಿ ಸಡಿಲಿಸಿ, ಸೆಂಟರ್ ದಾಟುವಾಗ ಬೆರಳಿಗೆ ಒಂಚೂರು ಬಿಗಿ ಗೊತ್ತಾಗುವವರೆಗೆ ಮಾತ್ರ ತಿರುಗಿಸಿದೆ. ಹಿಂದಿನ ಜಾಗಕ್ಕಿಂತ ಕಾಲು ಸುತ್ತೂ ಜಾಸ್ತಿ ಬೇಕಾಗಲಿಲ್ಲ. 90 ಗೇರ್ ಆಯಿಲ್ ಹಾಕಿ, ಅಲೈನ್‌ಮೆಂಟ್ ಮಾಡಿಸಿ, ನೆಲದ ಮೇಲೆ ನೋಡಿದರೆ ಒಂದು ಇಂಚಿಗಿಂತ ಕಡಿಮೆ ಪ್ಲೇ. ಅವತ್ತು ಟ್ರಯಲ್‌ಗೆ ನಾಲೆ ಕಡೆ ಹೋಗಲಿಲ್ಲ.

ಗುಂಡಿ ವಾಪಸ್ ಕೊಡಿ ಅಂತ ಓನರ್‌ಗೆ ಕೇಳಿದೆ. ಯುಗಾದಿ ಆದ ಮೇಲೆ ನೋಡೋಣ ಅಂದರು. ಯಾವ ಯುಗಾದಿ ಅಂತ ಹೇಳಲಿಲ್ಲ. ಈಗ ಸ್ಟೀರಿಂಗ್ ಕಂಪ್ಲೇಂಟ್ ಬಂದರೆ ಹಿಂದಿನ ಬೇವಿನ ಮರದ ಕೆಳಗೆ ಎರಡು ದಪ್ಪ ಹಲಗೆ ಹಾಕಿ, ಮುಂದಿನ ಚಕ್ರ ಅದರ ಮೇಲೆ ಹತ್ತಿಸುತ್ತೇವೆ. ನಾನು ಕೆಳಗೆ, ಹುಡುಗ ಮೇಲೆ. ಜಾಬ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಕಸ್ಟಮರ್ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಲಟಕ್, ಕಿರ್, ಗುಂಯ್, ಏನಾದರೂ ಸರಿ. ಅಡ್ವೈಸರ್‌ಗೆ ಅದು ಇಷ್ಟ ಇಲ್ಲ.

ಹುಡುಗ ಮಾತ್ರ ಈಗ ಯಾವ ತುಕ್ಕನ್ನೂ ಬಿಡುವುದಿಲ್ಲ. ಮೊನ್ನೆ ಸೈಲೆನ್ಸರ್ ಕ್ಲಾಂಪಿನ ಮೇಲಿನ ತುಕ್ಕಿಗೂ ಕೆಲಸ ಬಿಡಿಸಿ ಕರೆದ. ಎದ್ದು ಹೋಗಿ, ಬೆರಳಿಟ್ಟು ಉಜ್ಜಿ ನೋಡಿ ಬಂದೆ.