ವರ್ಡ್‌ಪ್ರೆಸ್ಸಿಗೆ ಯಾವ ಥೀಮ್ ಒಳ್ಳೆಯದು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ವರ್ಡ್‌ಪ್ರೆಸ್‌ನಲ್ಲಿ ಒಂದು ಜಾಲತಾಣ ಮಾಡಬೇಕೆಂದಿದ್ದೇನೆ ಸರ್, ಯಾವ ಥೀಮ್ ತೆಗೆದುಕೊಳ್ಳಲಿ?" ಎಂದು ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಕಳೆದ ಸಲ ಕೇಳಿದವರು ತಮ್ಮೂರಿನ ಗ್ರಂಥಾಲಯಕ್ಕೆ ಜಾಲತಾಣ ಮಾಡಲು ಹೊರಟಿದ್ದ ಗೆಳೆಯರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಥೀಮ್ ಎಂದರೆ ತಾಣದ ಹೊರನೋಟವನ್ನು ತೀರ್ಮಾನಿಸುವ ಸಿದ್ಧ ವಿನ್ಯಾಸ. ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆಮೇಲೆ ಬದಲಿಸಲು ಹೋದರೆ ಕೈ ಸುಡುವ ಸಂಗತಿಗಳು ಬೇರೆಯೇ ಇವೆ, ಮೊದಲು ತೀರ್ಮಾನಿಸಬೇಕಾದದ್ದು ಅವನ್ನು.

ಅವುಗಳಲ್ಲಿ ಮೊದಲನೆಯದು, ಯಾವ ವರ್ಡ್‌ಪ್ರೆಸ್ ಎಂಬುದು. 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ, ಇಂದು ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕಿಂತ ಹೆಚ್ಚಿನವು ಬಳಸುವ, ಜಾಲತಾಣ ಕಟ್ಟುವ ತಂತ್ರಾಂಶವು ಸಿಗುವುದು ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ. ಅದು ಉಚಿತ, ಆದರೆ ಅದನ್ನು ಇರಿಸಲು ಹೋಸ್ಟಿಂಗ್ ಜಾಗವನ್ನೂ ತಾಣದ ವಿಳಾಸವಾಗುವ ಡೊಮೈನ್ ಹೆಸರನ್ನೂ ನೀವೇ ಹಣ ಕೊಟ್ಟು ಪಡೆಯಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಅದೇ ತಂತ್ರಾಂಶವನ್ನು ತಾವೇ ನಡೆಸಿಕೊಡುವ ಒಂದು ಕಂಪನಿಯ ಸೇವೆ. ಅಲ್ಲಿ ನಿರ್ವಹಣೆಯ ತಲೆನೋವಿಲ್ಲ, ಆದರೆ ಏನೇನು ಮಾಡಬಹುದು ಎಂಬುದು ನೀವು ಕಟ್ಟುವ ಹಣದ ಮೇಲೆ ನಿಂತಿದೆ. ಒಬ್ಬರೇ ಬರೆಯುವ ಬ್ಲಾಗಿಗೆ ಅದು ಸಾಕು. ಸಂಸ್ಥೆಯ ತಾಣಕ್ಕಾದರೆ ಮೊದಲನೆಯದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ; ಆದರೆ ಡೊಮೈನನ್ನು ತಾಣ ಮಾಡಿಕೊಡುವವರ ಹೆಸರಿನಲ್ಲಲ್ಲ, ಸಂಸ್ಥೆಯ ಹೆಸರಿನಲ್ಲೇ ನೋಂದಾಯಿಸಿ.

ಹಣ ಕಟ್ಟುವ ಮೊದಲು ಕೈ ಪಳಗಿಸಿಕೊಳ್ಳಲು ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಇದೆ. ಏನನ್ನೂ ಸ್ಥಾಪಿಸದೆ ಬ್ರೌಸರಿನಲ್ಲೇ ಒಂದು ಪೂರ್ತಿ ತಾಣ ತೆರೆದುಕೊಳ್ಳುತ್ತದೆ, ಕೆಡಿಸಿದರೂ ನಷ್ಟವಿಲ್ಲ. ಅಲ್ಲಿ ಪೋಸ್ಟ್ ಮತ್ತು ಪೇಜ್ ಎಂಬ ಎರಡರ ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಿ. ಗ್ರಂಥಾಲಯದ ವೇಳಾಪಟ್ಟಿ, ವಿಳಾಸ, ಸದಸ್ಯತ್ವದ ನಿಯಮ ಇವು ಪೇಜ್‌ಗಳು, ಏಕೆಂದರೆ ಅವಕ್ಕೆ ತಾರೀಖಿನ ಹಂಗಿಲ್ಲ. ಹೊಸ ಪುಸ್ತಕಗಳು ಬಂದ ಸುದ್ದಿ, ಕಾರ್ಯಕ್ರಮದ ವರದಿ ಇವು ಪೋಸ್ಟ್‌ಗಳು. ಇತ್ತೀಚಿನದು ಮೇಲೆ ಬರುತ್ತ, ಹಳೆಯದು ಕೆಳಗಿಳಿಯುತ್ತ, ವರ್ಗಗಳ ಅಡಿಯಲ್ಲಿ ತಾವೇ ಸೇರಿಕೊಳ್ಳುತ್ತವೆ. ನನ್ನ ಗೆಳೆಯರು ಪ್ರತಿ ವರದಿಯನ್ನೂ ಪೇಜ್ ಮಾಡಿ, ಒಂದೊಂದನ್ನೂ ಮೆನುವಿಗೆ ಕೈಯಾರೆ ಸೇರಿಸುತ್ತ ಕುಳಿತಿದ್ದರು. ಮೆನು ಮೂರು ಸಾಲಿಗೆ ಬೆಳೆದಾಗ ಅವರಿಗೆ ಥೀಮ್ ಸರಿಯಿಲ್ಲ ಎನ್ನಿಸಿತ್ತು.

ಇನ್ನು ಕನ್ನಡದಲ್ಲಿ ಬರೆಯುವವರಿಗೇ ಎದುರಾಗುವ, ಇಂಗ್ಲಿಷ್ ಪಾಠಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ವಿಚಾರ. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ವಿಭಾಗದಲ್ಲಿ ಪೋಸ್ಟ್ ನೇಮ್ ಎಂದು ಆರಿಸಿದರೆ ಶೀರ್ಷಿಕೆಯಿಂದಲೇ ಬರಹದ ಕೊಂಡಿ ಹುಟ್ಟುತ್ತದೆ. ಕನ್ನಡ ಶೀರ್ಷಿಕೆಯಾದರೆ ಕೊಂಡಿಯೂ ಕನ್ನಡದಲ್ಲೇ ಕಾಣುತ್ತದೆ, ನೋಡಲು ಚೆಂದ. ಆದರೆ ಒಳಗೆ ಅದು ಉಳಿಯುವುದು ಶೇಕಡಾ ಚಿಹ್ನೆಗಳ ಸಂಕೇತರೂಪದಲ್ಲಿ. ಕ ಎಂಬ ಒಂದು ಅಕ್ಷರಕ್ಕೆ 9 ಸ್ಥಾನ ಬೇಕು, ಅದಕ್ಕೆ ಹತ್ತಿದ ಓತ್ವಕ್ಕೆ ಮತ್ತೆ 9. ಕೊಂಡಿಯಲ್ಲಿ ಶೀರ್ಷಿಕೆಯಿಂದ ಹುಟ್ಟುವ ಇಡೀ ಹೆಸರಿಗೆ ಇರುವ ಜಾಗ 200 ಸ್ಥಾನಗಳು ಮಾತ್ರ. ಹಾಗಾಗಿ "ನಮ್ಮೂರ ಗ್ರಂಥಾಲಯದ ವಾರ್ಷಿಕೋತ್ಸವ" ಎಂಬ ಶೀರ್ಷಿಕೆಯ ಕೊಂಡಿಯು "ನಮ್ಮೂರ-ಗ್ರಂಥಾಲಯದ-ವಾರ್ಷಿಕ" ಎಂಬಲ್ಲಿಗೆ ತುಂಡಾಗುತ್ತದೆ. ಉತ್ಸವ ಹೊರಗೇ ಉಳಿಯುತ್ತದೆ. ಅದನ್ನು ವಾಟ್ಸ್‌ಆಪ್‌ಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಮಾರುದ್ದದ ಬಾಲ ಕಾಣಿಸಿ, ಓದುಗರು ಮೋಸದ ಕೊಂಡಿಯೆಂದು ಹೆದರುವುದೂ ಉಂಟು. ಆದ್ದರಿಂದ ಪ್ರಕಟಿಸುವ ಮೊದಲು ಕೊಂಡಿಯ ಈ ಹೆಸರನ್ನು ಬರೆಯುವ ಸ್ಲಗ್ ಎಂಬ ಜಾಗದಲ್ಲಿ ಎರಡು ಮೂರು ಪದಗಳ ಚಿಕ್ಕ ಹೆಸರನ್ನು ನೀವೇ ಬರೆಯಿರಿ. ಕನ್ನಡದ್ದೇ ಇರಲಿ ಎಂಬ ಹಟ ನನಗೂ ಇತ್ತು. ಈಗ ರೋಮನ್ ಲಿಪಿಯಲ್ಲೇ ಕೊಡುತ್ತೇನೆ. ನೂರು ಬರಹಗಳಾದ ಮೇಲೆ ಕೊಂಡಿಗಳ ರಚನೆಯನ್ನೇ ಬದಲಿಸಿದರೆ, ಅದುವರೆಗೆ ಜನ ಹಂಚಿಕೊಂಡ ಕೊಂಡಿಗಳು ಮುರಿಯುವ ಅಪಾಯವಿದೆ.

ಬರಹವನ್ನು ಅಂಟಿಸುವಾಗಲೂ ಎಚ್ಚರ ಬೇಕು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಸಾಮಾನ್ಯ ಅಕ್ಷರ ಸಂಕೇತ ವ್ಯವಸ್ಥೆ) ಅಲ್ಲದ ರೀತಿಯಲ್ಲಿ, ಟೈಪ್ ಮಾಡಿದ ಕಡತಗಳು ಸಂಘಸಂಸ್ಥೆಗಳಲ್ಲಿ ರಾಶಿ ಬಿದ್ದಿರುತ್ತವೆ. ನುಡಿಯ ಅಂಥ ಕಡತದಿಂದ "ಕನ್ನಡ" ಎಂಬ ಪದವನ್ನು ತಂದು ಅಂಟಿಸಿದರೆ ನಡುವೆ ಪೌಂಡ್ ಚಿಹ್ನೆ ಸಮೇತ ರೋಮನ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಿ, ಆಮೇಲೆ ಅಂಟಿಸಿ.

ಇಷ್ಟಾದ ಮೇಲೆ ಥೀಮ್. ವರ್ಡ್‌ಪ್ರೆಸ್ ಜೊತೆಗೇ ಬರುವ, ಇಸವಿಯ ಹೆಸರು ಹೊತ್ತ ಥೀಮ್ ಆರಂಭಕ್ಕೆ ಧಾರಾಳವಾಯಿತು. ಬೇರೆಯದನ್ನು ಆರಿಸುವುದಾದರೆ ಮಾದರಿ ಚಿತ್ರಗಳಿಗೆ ಮರುಳಾಗದೆ "ಸ್ತ್ರೀ", "ರಾಷ್ಟ್ರ" ಎಂದು ಎರಡು ಸಾಲಿನ ಶೀರ್ಷಿಕೆ ಕೊಟ್ಟು ನೋಡಿ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗಿದರೆ, ಆ ಥೀಮ್ ರೋಮನ್ ಲಿಪಿಯನ್ನಷ್ಟೇ ಲೆಕ್ಕದಲ್ಲಿಟ್ಟು ಮಾಡಿದ್ದು. ಸಾಲಿನ ಅಂತರವನ್ನು ಹೆಚ್ಚಿಸಲು ಬಾರದಿದ್ದರೆ ಅದನ್ನು ಬಿಟ್ಟುಬಿಡಿ. ಹಣದ ಥೀಮನ್ನು ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಳ್ಳುವುದಂತೂ ಬೇಡವೇ ಬೇಡ, ಅದರೊಳಗೆ ಏನನ್ನು ತುಂಬಿರುತ್ತಾರೋ ಹೇಳಲಾಗದು.

ಬ್ಯಾಕಪ್, ಅಂದರೆ ತಾಣದ ನಕಲನ್ನು ಕಾಪಿಟ್ಟುಕೊಳ್ಳುವ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ನನ್ನ ಮೊದಲ ತಾಣದ ಡಬ್ಲ್ಯುಪಿ-ಕಂಟೆಂಟ್ ಫೋಲ್ಡರನ್ನು ವಾರವಾರವೂ ಶಿಸ್ತಿನಿಂದ ಇಳಿಸಿಕೊಳ್ಳುತ್ತಿದ್ದೆ. ತಾಣ ಕೆಟ್ಟ ದಿನ ಅದನ್ನು ಮರಳಿ ಏರಿಸಿದೆ. ಇಸವಿ, ತಿಂಗಳುಗಳ ಪ್ರಕಾರ ಜೋಡಿಸಿಟ್ಟ ಚಿತ್ರಗಳೆಲ್ಲ ಬಂದವು, ಬರಹ ಒಂದೂ ಬರಲಿಲ್ಲ. ಬರಹಗಳಿರುವುದು ಆ ಫೋಲ್ಡರಿನಲ್ಲಲ್ಲ, ಡೇಟಾಬೇಸ್ ಎಂಬ ಬೇರೆಯೇ ಮಾಹಿತಿ ಉಗ್ರಾಣದಲ್ಲಿ. ಎರಡನ್ನೂ ಇಳಿಸಿಕೊಂಡು, ಒಮ್ಮೆಯಾದರೂ ಬೇರೊಂದು ಕಡೆ ಮರಳಿ ಕಟ್ಟಿ ನೋಡಿ. ಗೆಳೆಯರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು, "ಆಯಿತು ಸರ್, ಥೀಮ್ ಯಾವುದು ಅಂದಿರಿ?"